ದೂರದ ವಿಮಾನ ಪ್ರಯಾಣ: ಕಾಲುಗಳ ಕಡೆ ಗಮನವಿರಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೊರಡುವ ಹಿರಿಯರು ಈಗ ಅಪರೂಪವಲ್ಲ. ವೀಸಾ, ಟಿಕೆಟ್, ಸಾರಿನ ಪುಡಿ ಎಲ್ಲ ಸಿದ್ಧವಾದ ಮೇಲೆ, ಹೊರಡುವ ಹಿಂದಿನ ದಿನ ವೈದ್ಯರ ನೆನಪಾಗುತ್ತದೆ: "ಆರು ತಿಂಗಳಿಗೆ ಮಾತ್ರೆ ಬರೆದುಕೊಡಿ ಡಾಕ್ಟ್ರೇ." ಕನಿಷ್ಠ ಎರಡು ವಾರ ಮೊದಲೇ ಬನ್ನಿ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ. ದೂರ. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ನಡೆಸಿ ತಂದಾಗ ಸುಮಾರು 17 ಗಂಟೆ ಹಿಡಿಯಿತು. ದುಬೈ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ಇನ್ನೂ ಹೆಚ್ಚು. ಇದರ ಜೊತೆಗೆ ಮುಳಬಾಗಿಲಿನಿಂದ ದೇವನಹಳ್ಳಿಗೆ ಕಾರಿನಲ್ಲಿ ಸುಮಾರು ಎರಡು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ. ಟಿಕೆಟ್ಟಿನಲ್ಲಿ ಇವು ಕಾಣುವುದಿಲ್ಲ, ಕಾಲುಗಳಿಗೆ ಮಾತ್ರ ಗೊತ್ತಾಗುತ್ತವೆ.

ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿಕೊಂಡು ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತವೆ. ಕುಳಿತೇ ಇದ್ದರೆ ಈ ಪಂಪು ನಿಂತು, ರಕ್ತ ಅಭಿಧಮನಿಗಳಲ್ಲಿ ನಿಧಾನಗೊಂಡು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕುಳಿತು ಪ್ರಯಾಣಿಸಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಹೆದರಬೇಡಿ, ಆರೋಗ್ಯವಂತರಲ್ಲಿ ಇದು ಆರು ಸಾವಿರಕ್ಕೆ ಒಬ್ಬರಷ್ಟು ಮಾತ್ರ. ಆದರೆ ಇತ್ತೀಚೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಇರುವವರು, ಹಿಂದೊಮ್ಮೆ ಹೆಪ್ಪುಗಟ್ಟಿದ್ದವರು, ಗರ್ಭಿಣಿಯರು, ತೀರಾ ದಪ್ಪನೆಯವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಕಾಲುಚೀಲವೋ ಚುಚ್ಚುಮದ್ದೋ ಎಂದು ಅವರು ನಿರ್ಧರಿಸಲಿ. ನೆರೆಮನೆಯವರು ಹೇಳಿದರೆಂದು ಆಸ್ಪಿರಿನ್ ನುಂಗಬೇಡಿ.

ನಮ್ಮ ಹಿರಿಯರ, ಅದರಲ್ಲೂ ತಾಯಂದಿರ ಒಂದು ಅಭ್ಯಾಸವನ್ನು ಹೇಳಲೇಬೇಕು. ಪಕ್ಕದವರನ್ನು ಎಬ್ಬಿಸಿ ಶೌಚಾಲಯಕ್ಕೆ ಹೋಗಲು ಸಂಕೋಚಪಟ್ಟು ನೀರನ್ನೇ ಕುಡಿಯುವುದಿಲ್ಲ. ವಿಮಾನದೊಳಗಿನ ಗಾಳಿ ತೀರಾ ಒಣ. ಗಂಟಲು ಆರುತ್ತದೆ, ತಲೆ ನೋಯುತ್ತದೆ. ಟಿಕೆಟ್ ತೆಗೆಸುವಾಗಲೇ ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ನಿದ್ರೆ ಮಾತ್ರೆ, ಮದ್ಯ ಎರಡೂ ಬೇಡ.

ಸಕ್ಕರೆ ಕಾಯಿಲೆಯವರು ಟಿಕೆಟ್ ತೋರಿಸಿ ಇನ್ಸುಲಿನ್ ವೇಳೆಯನ್ನು ಬರೆಸಿಕೊಳ್ಳಿ. ಅಲ್ಲಿ ಚಳಿಗಾಲದಲ್ಲಿ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಅಂದಾಜಿನ ಮೇಲೆ ಚುಚ್ಚಿಕೊಂಡರೆ ಸಕ್ಕರೆ ಇಳಿದು ತಲೆಸುತ್ತು ಬಂದೀತು. ಔಷಧಿಗಳೆಲ್ಲ ಕೈಚೀಲದಲ್ಲೇ ಇರಲಿ. ಸರಕಿನ ಪೆಟ್ಟಿಗೆ ದಾರಿ ತಪ್ಪಬಹುದು, ಅದರಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಲೂಬಹುದು. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರೂ ಇರಲಿ. ನಮ್ಮಲ್ಲಿಯ ಕಂಪನಿ ಹೆಸರು ಅಲ್ಲಿಯ ಅಂಗಡಿಯವರಿಗೆ ತಿಳಿಯದು. (ಶ್ರೀನಿವಾಸಪುರದ ಮಾವಿನಹಣ್ಣು ಕಟ್ಟಿಕೊಳ್ಳಬೇಡಿ. ಅಲ್ಲಿ ಇಳಿದೊಡನೆ ತೆಗೆದಿಟ್ಟುಕೊಳ್ಳುತ್ತಾರೆ.)

ತಲುಪಿದ ಮೇಲೆ ಎರಡೂ ಪಾದ ಸ್ವಲ್ಪ ಊದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಏದುಸಿರು ಅಥವಾ ಎದೆನೋವು ಬಂದರೆ, ಪ್ರಯಾಣ ಮುಗಿದು ಎರಡು ಮೂರು ವಾರವಾಗಿದ್ದರೂ ಆ ದಿನವೇ ಆಸ್ಪತ್ರೆಗೆ ಹೋಗಿ, ವಿಮಾನದಲ್ಲಿ ಬಂದದ್ದನ್ನು ವೈದ್ಯರಿಗೆ ಮೊದಲು ತಿಳಿಸಿ.