ಒಂದೇ ಬಂದೂಕಿನ ಮನೆ

ಮನೆಗೆ ಕೊಡಲಿಯೊಂದನ್ನು ಕೊಳ್ಳುವಾಗ ಅದರ ಹೊಳಪನ್ನು ಯಾರೂ ನೋಡುವುದಿಲ್ಲ. ಕಾವಿನ ಗಟ್ಟಿತನವನ್ನೂ ಕಬ್ಬಿಣದ ಹದವನ್ನೂ ನೋಡುತ್ತಾರೆ. ಹತ್ತು ಬಗೆಯ ಕೆಲಸಕ್ಕೆ ಒಂದೇ ಕೊಡಲಿಯಿರುವ ಮನೆಯಲ್ಲಂತೂ ಈ ಪರೀಕ್ಷೆಯು ಇನ್ನೂ ನಿಷ್ಠುರವಾದುದು. ಅದು ಕೈಕೊಟ್ಟ ದಿನ ಬದಲಿಗೆ ಮತ್ತೊಂದಿಲ್ಲವಷ್ಟೆ. ಲೋಕದ ಕೆಲವು ಭಾಗಗಳಲ್ಲಿ ಬೇಟೆಯ ಬಂದೂಕೂ ಇಂಥದೇ ಒಂದು ಗೃಹೋಪಕರಣವಾಗಿದೆ. ಅಂಥ ಬಂದೂಕನ್ನು ಆರಿಸುವವರು ಯಾವ ಗುಣಕ್ಕೆ ಮೊದಲ ಮಣೆ ಹಾಕಬೇಕೆಂಬುದೇ ಪ್ರಕೃತ ಲೇಖನದ ವಿಷಯವು.

ನಮ್ಮ ದೇಶದಲ್ಲಿ ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆಯು ನಿಂತುಹೋಗಿದೆ. ಅದು ನಿಂತುದು ಒಳ್ಳೆಯದೇ ಆಯಿತೆಂದು ನಾವು ಭಾವಿಸುತ್ತೇವೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಇಂದಿಗೂ ಕೋವಿಗೆ ಹೂವಿಟ್ಟು ಪೂಜಿಸುವರು, ತೆಂಗಿನಕಾಯಿಗೆ ಗುರಿಯಿಡುವರು. ಆದರೆ ಅಲ್ಲಿನ ಮನೆಗಳ ಅನ್ನವು ಕೋವಿಯನ್ನು ನಂಬಿಕೊಂಡಿಲ್ಲ. ಅನ್ನವೇ ಬಂದೂಕನ್ನು ನಂಬಿರುವ ನಾಡನ್ನು ಕಾಣಬೇಕಾದರೆ ವಾಚಕರು ನಮ್ಮೊಡನೆ ಭೂಮಂಡಲದ ಉತ್ತರದ ಅಂಚಿಗೆ, ಕೆನಡಾ ದೇಶದ ಹಿಮಪ್ರಾಂತಕ್ಕೆ ಬರಬೇಕು.

ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ನೂನವೂಟ್ ಪ್ರಾಂತದಲ್ಲಿ ಊರಿನಿಂದ ಊರಿಗೆ ರಸ್ತೆಯೇ ಇಲ್ಲ. ಬೇಸಗೆಯಲ್ಲಿ ಹಡಗು, ಉಳಿದ ಕಾಲದಲ್ಲಿ ವಿಮಾನ. ಇವೆರಡರಿಂದ ಬಂದ ಪದಾರ್ಥವೇ ಅಂಗಡಿಯಲ್ಲಿ ಸಿಕ್ಕಬೇಕು, ಅದರ ಬೆಲೆಯೋ ವಿಪರೀತವು. ಆ ನೆಲದಲ್ಲಿ ಬೇಸಾಯವಿಲ್ಲ. ಕ್ಯಾರಿಬೂ ಎಂಬ ಸಾರಂಗ, ಸೀಲ್ ಎಂಬ ಕಡಲಪ್ರಾಣಿ, ಮೀನು, ಇವೇ ಪೂರ್ವಿಕರಿಂದ ಬಂದ ಆಹಾರವು. ಇದಲ್ಲದೆ ನೂರಾರು ಕಿಲೋ ತೂಗುವ ಹಿಮಕರಡಿಯು ಹಸಿದು ಬಂದಾಗ ಮನುಷ್ಯನಿಗೂ ಅದಕ್ಕೂ ನಡುವೆ ಮರವೂ ಇಲ್ಲ, ಗೋಡೆಯೂ ಇಲ್ಲ. ಆದುದರಿಂದ ಅಲ್ಲಿ ಬಂದೂಕೆಂಬುದು ವಿನೋದದ ವಸ್ತುವಲ್ಲ.

೧೯೪೭ರಲ್ಲಿ ಕೆನಡಾ ಸರಕಾರವು ಈ ದೂರಪ್ರದೇಶಗಳಲ್ಲಿ 'ಕೆನೇಡಿಯನ್ ರೇಂಜರ್ಸ್' ಎಂಬ ಕಾವಲುದಳವನ್ನು ಸ್ಥಾಪಿಸಿತು. ಇಂದು ಅದರಲ್ಲಿ ಸುಮಾರು ೫,೦೦೦ ಮಂದಿ ಇದ್ದಾರೆ. ಊರೂರಿನ ಬೇಟೆಗಾರರೂ ಬೆಸ್ತರೂ ಅವರಲ್ಲಿ ಸೇರಿರುವರು. ಸರಕಾರವು ಒಬ್ಬೊಬ್ಬರಿಗೂ ಒಂದೊಂದು ರೈಫಲನ್ನು ಕೊಟ್ಟಿತು. ಕಾವಲಿಗೆ ಕೊಟ್ಟ ಆ ಬಂದೂಕಿನಿಂದಲೇ ಅವರು ಮನೆಯ ಬೇಟೆಯನ್ನೂ ನಡೆಸಿದರು. ಹೀಗೆ, ಎಲ್ಲ ಕೆಲಸಕ್ಕೂ ಒದಗುವ ಗಟ್ಟಿಮುಟ್ಟಾದ ಬಂದೂಕು ಯಾವುದೆಂಬ ಪ್ರಶ್ನೆಗೆ ಒಂದು ಸರಕಾರವೇ ಉತ್ತರ ಹೇಳಬೇಕಾಗಿ ಬಂದಿತು. ಆ ಉತ್ತರವು ಸುಲಭವಾಗಿ ದೊರೆಯಲಿಲ್ಲ. ಅದಕ್ಕೆ ಹಿಂದೆ ರಕ್ತದಿಂದ ಕಲಿತ ಒಂದು ಪಾಠವಿತ್ತು.

ಅದನ್ನು ಹೇಳುವ ಮೊದಲು ಬಂದೂಕಿನ ರಚನೆಯನ್ನು ಸ್ವಲ್ಪ ತಿಳಿಯುವುದು ಅವಶ್ಯವು. ಬೋಲ್ಟ್ ಎಂದರೆ ಅಗುಳಿ. ನಮ್ಮ ಮನೆಯ ಬಾಗಿಲಿನ ಅಗುಳಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಕೆಳಕ್ಕೆ ತಿರುಗಿಸಿ ಭದ್ರಪಡಿಸುವಂತೆಯೇ ಈ ಬಂದೂಕಿನಲ್ಲಿಯೂ ಮಾಡುವುದು. ಹಿಂದಕ್ಕೆಳೆದಾಗ ಸುಟ್ಟ ತೋಟಾದ ಚಿಪ್ಪು ಹೊರಬೀಳುತ್ತದೆ. ಮುಂದಕ್ಕೆ ನೂಕಿದಾಗ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟಾ ನಳಿಗೆಗೆ ಸೇರುತ್ತದೆ. ತಿರುಗಿಸಿದಾಗ ಉಕ್ಕಿನ ಹಲ್ಲುಗಳು ಕಚ್ಚಿಕೊಂಡು ಮದ್ದಿನ ಒತ್ತಡವನ್ನು ತಡೆಯುತ್ತವೆ. ಎಲ್ಲವೂ ಕೈಯ ಬಲದಿಂದ ನಡೆಯುವುದರಿಂದ ಕೆಡುವ ಭಾಗಗಳು ಕಡಮೆ. ಜರ್ಮನಿಯ ಪೌಲ್ ಮೌಸರನು ೧೮೯೮ರಲ್ಲಿ ಪೂರ್ಣತೆಗೆ ತಂದ ಅಗುಳಿಯು ಇಂದಿನವರೆಗೂ ಬೇಟೆಯ ಬಂದೂಕುಗಳಿಗೆ ಮಾದರಿಯಾಗಿದೆ. ಅದರ ಪಕ್ಕದಲ್ಲಿರುವ ಅಗಲವಾದ ಉಕ್ಕಿನ ಕೊಕ್ಕೆಯು ತೋಟಾವನ್ನು ಪೆಟ್ಟಿಗೆಯಿಂದ ಏಳುತ್ತಲೇ ಹಿಡಿದು, ಚಿಪ್ಪು ಹೊರಬೀಳುವವರೆಗೂ ಬಿಡದು. ಬಂದೂಕನ್ನು ಓರೆಯಾಗಿ ಹಿಡಿದರೂ, ಕೈ ನಡುಗಿದರೂ, ತೋಟಾ ಜಾರಿಬೀಳುವ ಭಯವಿಲ್ಲ.

ಇನ್ನು ಕೆನಡಾ ಕಲಿತ ಪಾಠ. ಸರ್ ಚಾರ್ಲ್ಸ್ ರಾಸ್ ಎಂಬ ಸ್ಕಾಟ್ಲೆಂಡಿನ ಶ್ರೀಮಂತನು ಒಂದು ರೈಫಲನ್ನು ರಚಿಸಿ ಕ್ವಿಬೆಕ್ ನಗರದಲ್ಲಿ ಕಾರ್ಖಾನೆಯನ್ನು ತೆರೆದನು. ಅದರ ಅಗುಳಿಯನ್ನು ಎತ್ತಿ ತಿರುಗಿಸಬೇಕಾಗಿರಲಿಲ್ಲ. ನೆಟ್ಟಗೆ ಎಳೆದು ನೂಕಿದರೆ ಸಾಕಾಗಿತ್ತು. ಗುರಿಯ ಸ್ಪರ್ಧೆಗಳಲ್ಲಿ ಅದು ಬಹುಮಾನಗಳನ್ನು ಗಳಿಸಿತು. ಮೊದಲನೆಯ ಮಹಾಯುದ್ಧಕ್ಕೆ ಹೊರಟ ಕೆನಡಾ ಸೈನಿಕರ ಹೆಗಲ ಮೇಲೆ ಆ ಬಂದೂಕೇ ಇದ್ದಿತು. ಆದರೆ ಕಂದಕಗಳ ಕೆಸರಿನಲ್ಲಿ, ಎಡೆಬಿಡದೆ ಹೊಡೆದು ಕಾದ ನಳಿಗೆಯಲ್ಲಿ, ಅಗುಳಿಯು ಸಿಕ್ಕಿಕೊಂಡಿತು; ಬೂಟಿನ ಕಾಲಿನಿಂದ ಒದ್ದು ಅದನ್ನು ತೆರೆಯಬೇಕಾಯಿತು. ಬಿಚ್ಚಿ ಶುಚಿಮಾಡಿದ ಮೇಲೆ ತಪ್ಪಾಗಿ ಜೋಡಿಸಿದರೆ ಅಗುಳಿಯು ಭದ್ರವಾಗದೆ ಹೊಡೆದವನ ಮುಖದ ಕಡೆಗೇ ಹಾರುವ ಅಪಾಯವೂ ಇದ್ದಿತು. ೧೯೧೫ರ ಈಪ್ರ್ ಕಾಳಗದಲ್ಲಿ ಅನೇಕ ಕೆನಡಾ ಸೈನಿಕರು ತಮ್ಮ ಬಂದೂಕುಗಳನ್ನು ಬಿಸುಟು, ಮಡಿದ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಬಂದೂಕುಗಳನ್ನು ಎತ್ತಿಕೊಂಡರು. ೧೯೧೬ರಲ್ಲಿ ಸರಕಾರವೂ ಅದೇ ದಾರಿಯನ್ನು ಹಿಡಿಯಿತು. ಅಡಗಿ ಕುಳಿತು ಹೊಡೆಯುವ ನಿಪುಣ ಗುರಿಕಾರರು ಮಾತ್ರ ರಾಸ್ ಬಂದೂಕನ್ನು ಮುಂದೆಯೂ ಮೆಚ್ಚಿ ಬಳಸಿದರು. ಸೂಕ್ಷ್ಮವಾದ ಗುರಿ ಬೇರೆ, ಕೆಸರಿನಲ್ಲಿಯೂ ಕೈಬಿಡದ ನಂಬಿಕೆ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು. ಮೊದಲನೆಯದು ಸ್ಪರ್ಧೆಯನ್ನು ಗೆಲ್ಲಿಸೀತು. ಎರಡನೆಯದು ಪ್ರಾಣವನ್ನು ಉಳಿಸೀತು.

೧೯೪೭ರ ಕಾವಲುದಳಕ್ಕೆ ಆ ಲೀ-ಎನ್‌ಫೀಲ್ಡ್ ವಂಶದ ಬಂದೂಕೇ ದೊರೆಯಿತು. ನಮ್ಮ ನಾಡಿನಲ್ಲಿ ಪೋಲೀಸರ ಹೆಗಲ ಮೇಲೆ ಬಹುಕಾಲ ಕಾಣುತ್ತಿದ್ದ 'ತ್ರೀ ನಾಟ್ ತ್ರೀ' ಬಂದೂಕು ಇದರ ಒಡಹುಟ್ಟೇ. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ಅದು ಲಕ್ಷಗಟ್ಟಲೆ ತಯಾರಾಯಿತು. ಕೆನಡಾದವರದು ಟೊರಾಂಟೊ ಬಳಿಯ ಲಾಂಗ್ ಬ್ರಾಂಚ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ತಯಾರಾದುದು. ನಾಲ್ಕು ಕಿಲೋಗಿಂತ ತುಸು ಹೆಚ್ಚು ತೂಕ, ಪೆಟ್ಟಿಗೆಯಲ್ಲಿ ೧೦ ತೋಟಾ, ಉಕ್ಕಿನ ಗುರಿಕಣ್ಣು, ಮರದ ಹಿಡಿ. ಅದರ ಅಗುಳಿಯ ಭಾಗಗಳ ನಡುವೆ ತುಸು ಸಡಿಲವಿತ್ತು. ನೋಡುವವರಿಗೆ ಅದು ದೋಷವೆಂದು ತೋರಿದರೂ, ಮಂಜೂ ಮಣ್ಣೂ ಒಳಹೊಕ್ಕರೂ ಸಿಕ್ಕಿಕೊಳ್ಳದಂತೆ ಕಾಪಾಡಿದುದು ಆ ಸಡಿಲವೇ. ಎಪ್ಪತ್ತು ವರ್ಷ ಅದು ಹಿಮದಲ್ಲಿ ದುಡಿಯಿತು. ಕೊನೆಗೆ ಅದನ್ನು ಬಿಡಬೇಕಾದುದು ಅದು ಕೆಟ್ಟುದರಿಂದಲ್ಲ. ಬದಲಿ ಭಾಗಗಳನ್ನು ತಯಾರಿಸುವವರು ಇಲ್ಲವಾದುದರಿಂದ. ಕೊಳ್ಳುವವರು ಮನಸ್ಸಿನಲ್ಲಿಡಬೇಕಾದ ಮಾತಿದು: ಎಷ್ಟೇ ಗಟ್ಟಿಯಾದ ಉಪಕರಣವಾದರೂ ಅದನ್ನು ರಿಪೇರಿ ಮಾಡುವವರಿಲ್ಲದಿದ್ದರೆ ಅರ್ಧ ಉಪಕರಣವೇ ಸರಿ.

೨೦೧೮ರಿಂದ ಹಳೆಯ ಬಂದೂಕಿನ ಸ್ಥಾನಕ್ಕೆ 'ಸಿ-೧೯' ಎಂಬ ಹೊಸತು ಬಂದಿತು. ಹಿಮದ ನಾಡೇ ಆದ ಫಿನ್‌ಲೆಂಡಿನ ಟಿಕ್ಕಾ ರೈಫಲಿನ ಮಾದರಿಯಲ್ಲಿ ಕೆನಡಾದಲ್ಲಿಯೇ ೬,೮೦೦ಕ್ಕೂ ಹೆಚ್ಚು ಬಂದೂಕುಗಳನ್ನು ತಯಾರಿಸಲಾಯಿತು. ಸರಕಾರವು ಏನೇನನ್ನು ಬಯಸಿತೆಂಬುದನ್ನು ನೋಡಿದರೆ ಆಯ್ಕೆಯ ಸೂತ್ರಗಳು ತಾವಾಗಿಯೇ ಹೊರಪಡುತ್ತವೆ. ಸೊನ್ನೆಗಿಂತ ೫೧ ಡಿಗ್ರಿ ಕೆಳಗಿನ ಚಳಿಯಿಂದ ಹಿಡಿದು ೩೯ ಡಿಗ್ರಿ ಬಿಸಿಲಿನವರೆಗೂ ಅದು ನಡೆಯಬೇಕು. ಅಗುಳಿಯ ಹಿಡಿಯೂ ಟ್ರಿಗರಿನ ಸುತ್ತಲ ಬಳೆಯೂ ದಪ್ಪ ಕೈಚೀಲ ತೊಟ್ಟ ಬೆರಳಿಗೆ ಒದಗುವಷ್ಟು ದೊಡ್ಡದಾಗಿರಬೇಕು. ಗುರಿಕಣ್ಣು ಕಬ್ಬಿಣದ್ದೇ ಆಗಿರಬೇಕು. ಹಿಡಿಗೆ ತೆಳುಹಲಗೆಗಳನ್ನು ಅಂಟಿಸಿ ಮಾಡಿದ ಕೆಂಪುಬಣ್ಣದ ಮರ. ಬಿಳಿಯ ಹಿಮದಲ್ಲಿ ಬಿದ್ದರೂ ಕಣ್ಣಿಗೆ ಬೀಳುವುದು. ಹಾಗಿದ್ದೂ ಬಳಕೆಗೆ ಬಂದ ಮೇಲೆ ಕೆಲವು ಹಿಡಿಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಪ್ರಯೋಗಶಾಲೆಯ ಪರೀಕ್ಷೆಯೆಲ್ಲ ಮುಗಿದ ಮೇಲೂ ಚಳಿಗಾಲದ ಪರೀಕ್ಷೆಯು ಉಳಿದೇ ಇರುವುದು.

ಗುರಿಯಿಡಲು ದುರ್ಬೀನು ಬೇಡವೇ ಎಂದು ಕೆಲವರು ಕೇಳಬಹುದು. ದೂರದ ಸಾರಂಗಕ್ಕೆ ಅದು ಉಪಕಾರಿಯೇ. ಆದರೆ ಜಾರುಬಂಡಿಯ ಕುಲುಕಾಟದಲ್ಲಿ ಅದರ ಗುರಿ ತಪ್ಪುವುದುಂಟು, ಗಾಜಿನ ಮೇಲೆ ಉಸಿರು ಹೆಪ್ಪುಗಟ್ಟುವುದುಂಟು. ಆದುದರಿಂದ ದುರ್ಬೀನಿದ್ದರೂ ಅದರ ಜೊತೆಗೆ ಕಬ್ಬಿಣದ ಕಣ್ಣು ಇರಲೇಬೇಕು.

ತೋಟಾದ ವಿಷಯದಲ್ಲಿ ಹೊಸಬರು ಮೋಸಹೋಗುವುದು ಹೆಚ್ಚು. ದೊಡ್ಡ ಪ್ರಾಣಿಗೆ ದೊಡ್ಡ ತೋಟಾ ಎಂಬ ಲೆಕ್ಕವು ಪೂರ್ತಿ ಸರಿಯಲ್ಲ. ಅತಿ ಬಲವಾದ ತೋಟಾ ಹೆಗಲಿಗೆ ಒದೆಯುತ್ತದೆ. ಒದೆತಕ್ಕೆ ಹೆದರಿದವನು ಟ್ರಿಗರನ್ನು ಎಳೆಯುವ ಮುನ್ನವೇ ಕಣ್ಣುಮುಚ್ಚುತ್ತಾನೆ. ಗುಂಡು ಎಲ್ಲಿಯೋ ಹೋಗುತ್ತದೆ, ಪ್ರಾಣಿಯು ಗಾಯಗೊಂಡು ನರಳುತ್ತದೆ. ಸಿ-೧೯ ಬಂದೂಕಿಗೆ ಆರಿಸಿದ ಮೂನ್ನೂರೆಂಟರ ತೋಟಾ ಮಧ್ಯಮ ಬಲದ್ದು. ಸಾರಂಗಕ್ಕೆ ಅದು ಧಾರಾಳವಾಗಿ ಸಾಕು. ಭಾರವಾದ ಗುಂಡನ್ನು ಆರಿಸಿ ಸರಿಯಾದ ಸ್ಥಾನಕ್ಕೆ ಹೊಡೆದರೆ ಕರಡಿಗೂ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಸಣ್ಣ ಊರಿನ ಅಂಗಡಿಯಲ್ಲಿಯೂ ಸಿಕ್ಕುವಂಥದು. ಅಪೂರ್ವವಾದ ತೋಟಾ ಬೇಡುವ ಬಂದೂಕು ತೋಟಾ ತೀರಿದ ದಿನ ಬರಿಯ ದೊಣ್ಣೆಯಾಗುವುದು.

ಕೈಗೆ ಒಗ್ಗಿದ ಮಧ್ಯಮ ಬಂದೂಕಿನ ಬೆಲೆ ಏನೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಮೌಸರ್ ಅಗುಳಿಯ ಹಗುರವಾದ ರಿಗ್ಬಿ ರೈಫಲೊಂದು ಬಹುಮಾನವಾಗಿ ಬಂದಿತು. ಅದು ಸಾರಂಗದ ಬೇಟೆಗೆ ಹೇಳಿದ ಬಲದ್ದು. ಆದರೂ ೧೯೨೬ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯು ಸತ್ತುದು ಆ ಬಂದೂಕಿನಿಂದಲೇ. ಹಳೆಯದಾದರೇನು, ಗಟ್ಟಿಯಾದುದನ್ನೇ ನಂಬುವ ಪದ್ಧತಿ ಗ್ರೀನ್‌ಲೆಂಡಿನಲ್ಲಿಯೂ ಇದೆ. ಅಲ್ಲಿ ನಾಯಿಬಂಡಿಯಲ್ಲಿ ಕಾವಲು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ೧೯೧೭ರ ಮಾದರಿಯ ಅಮೆರಿಕದ ಬಂದೂಕನ್ನು ಹಿಮಕರಡಿಯ ಭಯಕ್ಕಾಗಿ ದಶಕಗಳ ಕಾಲ ಜೊತೆಯಲ್ಲಿಟ್ಟುಕೊಂಡರು. ಅದಕ್ಕೂ ಮೌಸರನ ಕೊಕ್ಕೆಯೇ, ಕಬ್ಬಿಣದ ಗುರಿಕಣ್ಣೇ.

ಉತ್ತಮವಾದುದನ್ನು ಆರಿಸಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಕಾಪಾಡುವ ಕ್ರಮವೂ ತಿಳಿದಿರಬೇಕು. ಚಳಿಯಲ್ಲಿ ಎಣ್ಣೆಯು ಅಂಟಾಗಿ, ತೋಟಾದ ಬೆನ್ನನ್ನು ಹೊಡೆಯಬೇಕಾದ ಮೊಳೆಯು ಮಂದವಾಗಿ ಚಲಿಸುವುದು. ಗುಂಡು ಹಾರುವುದೇ ಇಲ್ಲ. ಆದುದರಿಂದ ಉತ್ತರದ ಬೇಟೆಗಾರರು ಚಳಿಗಾಲಕ್ಕೆ ಮುಂಚೆ ಎಣ್ಣೆಯನ್ನೆಲ್ಲ ಒರೆಸಿ ಒಣಗಿಸಿಡುವರು. ಹೊರಗಿನಿಂದ ತಂದ ಬಂದೂಕನ್ನು ಬೆಚ್ಚನೆಯ ಡೇರೆಗೆ ಒಯ್ದರೆ, ತಣ್ಣೀರಿನ ತಂಬಿಗೆಯ ಮೇಲೆ ಕಟ್ಟುವಂತೆ, ಉಕ್ಕಿನ ಮೇಲೆ ನೀರಿನ ಹನಿ ಕಟ್ಟುವುದು. ಮರುದಿನ ಹೊರಗೊಯ್ದೊಡನೆ ಅದೇ ಹನಿಯು ಮಂಜುಗಡ್ಡೆಯಾಗಿ ಅಗುಳಿಯನ್ನು ಬಂಧಿಸುವುದು. ಇದನ್ನರಿತವರು ಪ್ರಯಾಣದಲ್ಲಿ ಬಂದೂಕನ್ನು ಡೇರೆಯ ಹೊರಗೆ ಚಳಿಯಲ್ಲಿಯೇ ಬಿಡುತ್ತಾರೆ.

ಮನೆಯೊಳಗಿನ ಎಚ್ಚರವಾದರೋ ಇದಕ್ಕಿಂತ ದೊಡ್ಡದು. ಕೆನಡಾದಲ್ಲಿ ೧೯೯೫ರ ಶಾಸನದಂತೆ ಬಂದೂಕಿಟ್ಟುಕೊಳ್ಳುವವರು ಪರವಾನಗಿ ಪಡೆದಿರಬೇಕು. ಮನೆಯಲ್ಲಿ ತೋಟಾ ತೆಗೆದೇ ಇಡಬೇಕು, ಬೀಗ ಹಾಕಬೇಕು. ಈ ವಿಷಯದಲ್ಲಿಯೂ ಅಗುಳಿಯ ಬಂದೂಕು ಗೃಹಸ್ಥನಿಗೆ ಸ್ನೇಹಿತನೇ ಸರಿ: ಅಗುಳಿಯನ್ನು ಹಿಂದಕ್ಕೆಳೆದು ನೋಡಿದರೆ ಒಳಗೆ ತೋಟಾ ಉಂಟೋ ಇಲ್ಲವೋ ಕಣ್ಣಿಗೆ ಕಾಣುವುದು, ಅಗುಳಿಯನ್ನೇ ಕಳಚಿ ಬೇರೆ ಕಡೆ ಇಟ್ಟರೆ ಉಳಿದುದು ಮಕ್ಕಳ ಕೈಗೆ ಸಿಕ್ಕಿದರೂ ಸಿಡಿಯದು. ಬಂದೂಕು ಬರಿದೆಂದು ಯಾರೇ ಹೇಳಲಿ, ತಾನು ತೆರೆದು ನೋಡುವವರೆಗೆ ತುಂಬಿದೆಯೆಂದೇ ಎಣಿಸಬೇಕು. ಈ ಒಂದು ಅಭ್ಯಾಸವಿಲ್ಲದವನ ಕೈಯಲ್ಲಿ ಅತ್ಯುತ್ತಮ ಬಂದೂಕೂ ಮನೆಗೆ ಶತ್ರುವು.

ಹೊಸ ಬಂದೂಕು ಬಂದಾಗ ಹಳೆಯದನ್ನು ಬಯಸಿದ ರೇಂಜರರು, ಪರವಾನಗಿಯಿದ್ದಲ್ಲಿ, ಅದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲು ಸರಕಾರವು ಅವಕಾಶವಿತ್ತಿತು. ತಂದೆಯ ಕಾಲದಿಂದ ಮನೆಗೆ ಊಟ ತಂದ ವಸ್ತುವನ್ನು ಹಿಂದಕ್ಕೆ ಕೊಡುವುದು ಎಂಥವರಿಗೂ ಕಷ್ಟವೇ. ಆ ಹಳೆಯ ಬಂದೂಕಿನ ಬಣ್ಣ ಮಾಸಿತ್ತು, ಹಿಡಿಯು ಕೈಯುಜ್ಜಿ ನುಣುಪಾಗಿತ್ತು; ಆದರೆ ಎಳೆದಾಗ ತೆರೆಯುತ್ತಿತ್ತು, ನೂಕಿದಾಗ ಮುಚ್ಚುತ್ತಿತ್ತು, ಒತ್ತಿದಾಗ ಹಾರುತ್ತಿತ್ತು. ಒಂದೇ ಬಂದೂಕಿನ ಮನೆಗೆ ಇದಕ್ಕಿಂತ ಹೆಚ್ಚಿನದನ್ನು ಬೇಡುವುದು ಆಡಂಬರವು. ಇದಕ್ಕಿಂತ ಕಡಮೆಯಾದುದನ್ನು ಒಪ್ಪುವುದು ಅಪಾಯವು.