ಒಂದೇ ಸೆಪ್ಟೆಂಬರ್, ಎರಡು ಕಪ್

1990ರ ಸೆಪ್ಟೆಂಬರ್ 2ರಂದು ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಅಖಿಲ ಐರ್ಲೆಂಡ್ ಹರ್ಲಿಂಗ್ ಫೈನಲ್. 16ರಂದು ಅದೇ ಅಂಗಳದಲ್ಲಿ ಗೇಲಿಕ್ ಫುಟ್‌ಬಾಲ್ ಫೈನಲ್. ಎರಡನ್ನೂ ಗೆದ್ದದ್ದು ಕಾರ್ಕ್ ಕೌಂಟಿ. ಎರಡೂ ಫೈನಲ್‌ಗಳಲ್ಲಿ ಆಡಿ ಗೆದ್ದವರು ಮಾತ್ರ ಒಬ್ಬರೇ, ಟೆಡ್ಡಿ ಮೆಕಾರ್ಥಿ. ಗಂಡಸರ ಸೀನಿಯರ್ ಮಟ್ಟದಲ್ಲಿ ಒಂದೇ ವರ್ಷ ಹೀಗೆ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ, ಆಮೇಲೂ ಯಾರೂ ಬರಲಿಲ್ಲ.

ಎರಡೂ ಆಟಗಳಲ್ಲಿ ತಂಡಕ್ಕೆ ಹದಿನೈದು ಜನ, ಗೋಲಿಗೆ ಮೂರು ಅಂಕ, ಅಡ್ಡಪಟ್ಟಿಯ ಮೇಲಿಂದ ಹಾರಿಸಿದರೆ ಆಗ ಎರಡರಲ್ಲೂ ಒಂದು. ಹೋಲಿಕೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಹರ್ಲಿಂಗ್‌ನಲ್ಲಿ ಆಶ್ ಮರದ ಬಾಗಿದ ಕೋಲಿನಿಂದ ಪುಟ್ಟ, ಗಟ್ಟಿ ಚೆಂಡನ್ನು ಬಾರಿಸಬೇಕು; ಹೆಲ್ಮೆಟ್ ಕಡ್ಡಾಯವಾದದ್ದೇ 2010ರಲ್ಲಿ. ಫುಟ್‌ಬಾಲ್‌ನಲ್ಲಿ ದೊಡ್ಡ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿನಿಂದ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಒಂದಕ್ಕೆ ಮಣಿಕಟ್ಟು ಪಳಗಬೇಕು, ಇನ್ನೊಂದಕ್ಕೆ ಭುಜ ಮತ್ತು ಕಾಲು. ಎರಡನ್ನೂ ಕೌಂಟಿಯ ಮಟ್ಟದಲ್ಲಿ ಆಡುವವರನ್ನು ಅಲ್ಲಿ ‘ಡ್ಯುಯಲ್ ಪ್ಲೇಯರ್’ ಎನ್ನುತ್ತಾರೆ. ಇಷ್ಟೆಲ್ಲ ಮಾಡಿದರೂ ಸಂಬಳವಿಲ್ಲ. 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಹವ್ಯಾಸಿಗಳ ಸಂಘಟನೆಯೇ.

ಟೆಡ್ಡಿ ಬೆಳೆದ ಗ್ಲಾನ್‌ಮೈರ್, ಕಾರ್ಕ್ ನಗರದ ಅಂಚಿನ ಊರು. ಅಲ್ಲಿ ಹರ್ಲಿಂಗ್‌ಗೆ ಸಾರ್ಸ್‌ಫೀಲ್ಡ್ಸ್, ಫುಟ್‌ಬಾಲ್‌ಗೆ ಗ್ಲಾನ್‌ಮೈರ್ ಎಂದು ಎರಡು ಕ್ಲಬ್. ಟೆಡ್ಡಿ ಎರಡರಲ್ಲೂ ಆಡಿದರು. 1986ರಲ್ಲಿ ಕಾರ್ಕ್ ಹರ್ಲಿಂಗ್ ತಂಡಕ್ಕೆ ಅವರ ಮೊದಲ ಚಾಂಪಿಯನ್‌ಷಿಪ್ ಪಂದ್ಯವೇ ಅಖಿಲ ಐರ್ಲೆಂಡ್ ಫೈನಲ್. ಆಯ್ಕೆಗಾರರ ಧೈರ್ಯ ಮೆಚ್ಚಬೇಕು! ಕಾರ್ಕ್ ಗಾಲ್ವೇಯನ್ನು ಮಣಿಸಿತು. 1989ರಲ್ಲಿ ಫುಟ್‌ಬಾಲ್ ಪದಕವೂ ಬಂತು. ಚೆಂಡಿಗಾಗಿ ಅವರು ನೆಗೆಯುತ್ತಿದ್ದ ಎತ್ತರವನ್ನು ಕಾರ್ಕ್‌ನವರು ಈಗಲೂ ಹೇಳಿಕೊಳ್ಳುತ್ತಾರೆ.

1990ರ ಎರಡು ಗೆಲುವುಗಳಲ್ಲಿ ಯಾವುದೂ ಸಲೀಸಾಗಿ ದಕ್ಕಿದ್ದಲ್ಲ. ಹರ್ಲಿಂಗ್‌ನಲ್ಲಿ ವಿರಾಮದ ಹೊತ್ತಿಗೆ ಗಾಲ್ವೇ ಐದು ಅಂಕ ಮುಂದಿತ್ತು. ಕೊನೆಗೆ ಕಾರ್ಕ್ 5-15, ಗಾಲ್ವೇ 2-21. ಗೋಲುಗಳನ್ನು ಮೂರರಿಂದ ಗುಣಿಸಿದರೆ 30ಕ್ಕೆ 27. ಫುಟ್‌ಬಾಲ್‌ನ ಎದುರಾಳಿ ಮೀತ್, 1987 ಮತ್ತು 88ರ ಫೈನಲ್‌ಗಳಲ್ಲಿ ಕಾರ್ಕ್‌ಗೆ ಸೋಲುಣಿಸಿದ ತಂಡ. ಕಾರ್ಕ್‌ನ ಕೊಲಮ್ ಓನೀಲ್ ಮೊದಲಾರ್ಧದಲ್ಲೇ ಹೊರದಬ್ಬಿಸಿಕೊಂಡರು. ಉಳಿದ ಹದಿನಾಲ್ಕು ಮಂದಿ 0-11, 0-9ರಿಂದ ಗೆದ್ದರು.

ಈ ದಾಖಲೆಗೆ ತೀರಾ ಹತ್ತಿರ ಬಂದವರಲ್ಲೊಬ್ಬರು ಫಿಜಿಯಲ್ಲಿ ಹುಟ್ಟಿ ಕಾರ್ಕ್‌ನಲ್ಲಿ ನೆಲೆಸಿದ ಶಾನ್ ಓಗ್ ಓ ಹಾಲ್ಪೀನ್. 1999ರಲ್ಲಿ ಹರ್ಲಿಂಗ್ ಫೈನಲ್ ಗೆದ್ದ ಅವರು ಅದೇ ತಿಂಗಳ ಫುಟ್‌ಬಾಲ್ ಫೈನಲ್‌ನಲ್ಲಿ ಮೀತ್‌ಗೆ ಮೂರು ಅಂಕಗಳಿಂದ ಸೋತರು. ಹಿಂದಕ್ಕೆ ಹೋದರೆ ಜ್ಯಾಕ್ ಲಿಂಚ್ ಸಿಗುತ್ತಾರೆ. 1941ರಿಂದ 46ರವರೆಗೆ ವರ್ಷಕ್ಕೊಂದರಂತೆ ಆರು ಪದಕ, ಐದು ಹರ್ಲಿಂಗ್, ಒಂದು ಫುಟ್‌ಬಾಲ್. ಮುಂದೆ ಇವರೇ ಐರ್ಲೆಂಡಿನ ಪ್ರಧಾನಿಯಾದರು.

ಈಗ ಇಂಥವರು ಅಪರೂಪ. ಪ್ರತಿಭೆ ಬತ್ತಿದೆಯೆಂದು ನನಗನ್ನಿಸುವುದಿಲ್ಲ, ಬತ್ತಿರುವುದು ಬಿಡುವು. ಕೌಂಟಿ ತಂಡಗಳ ತಯಾರಿ ವೃತ್ತಿಪರರನ್ನೂ ನಾಚಿಸುವಷ್ಟಿದೆ. ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಓಡುವ ಹುಡುಗನನ್ನು ಇನ್ನೊಂದು ತಂಡದ ಜೊತೆ ಹಂಚಿಕೊಳ್ಳಲು ಯಾವ ಮ್ಯಾನೇಜರ್ ಒಪ್ಪಿಯಾನು? ಸಾಲದ್ದಕ್ಕೆ, 2022ರಿಂದ ಕೌಂಟಿ ಪಂದ್ಯಗಳೆಲ್ಲ ಜುಲೈ ಒಳಗೇ ಮುಗಿಯುವಂತೆ ಇಕ್ಕಟ್ಟಾಗಿವೆ.

ಟೆಡ್ಡಿ 2023ರ ಜೂನ್‌ನಲ್ಲಿ 57ರ ವಯಸ್ಸಿಗೇ ತೀರಿಕೊಂಡರು. ಎರಡಾಟದ ಪರಂಪರೆಯನ್ನು ಈ ಶತಮಾನದಲ್ಲಿ ಹೊತ್ತು ನಡೆದವರು ಹೆಚ್ಚಾಗಿ ಹೆಂಗಸರು. ಹರ್ಲಿಂಗ್‌ನ ಮಹಿಳಾ ರೂಪ ಕಮೋಗಿ. ಕಾರ್ಕ್‌ನ ರೀನಾ ಬಕ್ಲಿ 2012ರಲ್ಲಿ ಫುಟ್‌ಬಾಲ್ ತಂಡದ, 2017ರಲ್ಲಿ ಕಮೋಗಿ ತಂಡದ ನಾಯಕಿಯಾಗಿ ಕಪ್ ಎತ್ತಿದರು. ಅವರ ಒಟ್ಟು ಪದಕ ಹದಿನೆಂಟು. ಆದರೆ ಹೆಂಗಸರ ಈ ಎರಡು ಆಟಗಳನ್ನು ನಡೆಸುವುದು ಬೇರೆ ಬೇರೆ ಸಂಘಗಳು. ಹಾಗಾಗಿ ಪಂದ್ಯಗಳ ದಿನಾಂಕ ಒಂದರ ಮೇಲೊಂದು ಬಿದ್ದು ಆಟಗಾರ್ತಿಯರು ಪರದಾಡಿದ್ದುಂಟು. ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಜೊತೆ ಈ ಎರಡು ಸಂಘಗಳನ್ನೂ 2027ರ ಹೊತ್ತಿಗೆ ಒಂದುಗೂಡಿಸುವ ಗುರಿ ಹಾಕಿಕೊಳ್ಳಲಾಗಿದೆ. ವೇಳಾಪಟ್ಟಿ ಬರೆಯುವವರು ಒಂದೇ ಕೋಣೆಯಲ್ಲಿ ಕೂತರೆ ರೀನಾ ಥರದವರಿಗಾದರೂ ಅನುಕೂಲವಾದೀತು.