ಬಲ ಬಂತು, ರಟ್ಟೆ ಯಾಕೆ ಬರಲಿಲ್ಲ?

ಹೊಸದಾಗಿ ಜಿಮ್ ಸೇರಿದ ತೆಳ್ಳನೆಯ ಹುಡುಗನ ಪಾಡು ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ದಿನ ಬೆಂಚಿನ ಮೇಲೆ ಮಲಗಿ 20 ಕೆಜಿಯ ಬರೀ ಬಾರ್ ಎತ್ತುವುದಕ್ಕೇ ಕೈ ನಡುಗಿರುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಅದೇ ಬಾರ್‌ನ ಎರಡೂ ತುದಿಗೆ ಹತ್ತತ್ತು ಕೆಜಿ ಪ್ಲೇಟ್ ಏರಿಸಿ ಎತ್ತುತ್ತಾನೆ. ಭಾರ ಇಮ್ಮಡಿಯಾಯಿತು, ಅಂಗಿಯ ತೋಳು ಮಾತ್ರ ಮೊದಲಿನಷ್ಟೇ ಸಡಿಲ. ಟ್ರೈನರ್‌ನನ್ನು ಕೇಳಿದರೆ ಪ್ರೋಟೀನ್ ಪುಡಿಯ ಡಬ್ಬ ತೋರಿಸುತ್ತಾನೆ. ಗೆಳೆಯರನ್ನು ಕೇಳಿದರೆ ವರ್ಕೌಟನ್ನೇ ಬದಲಾಯಿಸು ಅನ್ನುತ್ತಾರೆ. ಮುಂದಿನ ತಿಂಗಳು ಫೀಸು ಕಟ್ಟಬೇಕೋ ಬೇಡವೋ ಎಂಬ ಯೋಚನೆ ಶುರುವಾಗುವುದು ಇಲ್ಲೇ.

ಮಾಂಸಖಂಡ ಬೆಳೆಯದೆ ಬಲ ಎಲ್ಲಿಂದ ಬಂತು? ಇದರ ಮೊದಲ ಸುಳಿವು ಸಿಕ್ಕಿದ್ದು 1894ರಷ್ಟು ಹಿಂದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಸಂಗಡಿಗರು ಒಂದೇ ಕೈಗೆ ಹಿಸುಕುವ ಅಭ್ಯಾಸ ಮಾಡಿಸಿ ನೋಡಿದರು. ಅಭ್ಯಾಸವೇ ಇಲ್ಲದೆ ಸುಮ್ಮನಿದ್ದ ಇನ್ನೊಂದು ಕೈಯ ಹಿಡಿತವೂ ಬಿಗಿಯಾಗಿತ್ತು. ಆ ಕೈಯ ಸ್ನಾಯುಗಳು ದುಡಿದೇ ಇರಲಿಲ್ಲ. ದುಡಿದದ್ದು, ಕಲಿತದ್ದು ನರಮಂಡಲ.

ಬೆನ್ನುಹುರಿಯಿಂದ ಹೊರಡುವ ಒಂದೊಂದು ಚಾಲಕ ನರಕೋಶವೂ ತನ್ನ ಪಾಲಿನ ಸ್ನಾಯುತಂತುಗಳ ಗುಂಪೊಂದನ್ನು ಒಟ್ಟಿಗೆ ಕುಗ್ಗಿಸುತ್ತದೆ. ನರಕೋಶ ಮತ್ತು ಅದರ ತಂತುಗಳು ಸೇರಿದರೆ ಒಂದು ಮೋಟಾರ್ ಯೂನಿಟ್. ಹಗುರ ಕೆಲಸಕ್ಕೆ ಮೊದಲು ಚಿಕ್ಕ ಯೂನಿಟ್‌ಗಳು ಏಳುತ್ತವೆ, ಭಾರ ಹೆಚ್ಚಿದಂತೆ ದೊಡ್ಡವು ಸೇರಿಕೊಳ್ಳುತ್ತವೆ. ಹೊಸಬರ ದೇಹಕ್ಕೆ ದೊಡ್ಡ ಯೂನಿಟ್‌ಗಳನ್ನು ಪೂರ್ತಿಯಾಗಿ ಎಬ್ಬಿಸಿ ರೂಢಿಯಿಲ್ಲ. ಸಾಲದ್ದಕ್ಕೆ ತೋಳಿನ ಮುಂಭಾಗದ ಸ್ನಾಯು ಎಳೆಯುವಾಗ ಹಿಂಭಾಗದ್ದು ಬೇಡವೆಂದರೂ ಅಡ್ಡ ಎಳೆಯುತ್ತಿರುತ್ತದೆ. ತೇರಿನ ಹಗ್ಗಕ್ಕೆ ನೂರು ಜನ ಕೈಹಾಕಿದ್ದರೂ ಒಬ್ಬೊಬ್ಬರು ಒಂದೊಂದು ಗಳಿಗೆಗೆ ಎಳೆದರೆ ಚಕ್ರ ಹೇಗೆ ಮುಂದೆ ಹೋಗುವುದಿಲ್ಲವೋ ಹಾಗೆ. ಮೊದಲ ವಾರಗಳಲ್ಲಿ ಸರಿಹೋಗುವುದು ಈ ಎಳೆತದ ಹೊಂದಾಣಿಕೆ. ತೋಶಿಯೋ ಮೊರಿಟಾನಿ ಮತ್ತು ಹರ್ಬರ್ಟ್ ಡಿವ್ರೀಸ್ 1979ರಲ್ಲಿ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದು ಇದನ್ನೇ ತೋರಿಸಿದರು: ಆರಂಭದ ಬಲ ಬಹುಮಟ್ಟಿಗೆ ನರಗಳದ್ದು, ಸ್ನಾಯುವಿನ ಗಾತ್ರದ ಪಾಲು ಆಮೇಲಿನದು.

ನರಗಳ ಪಳಗುವಿಕೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚದು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 138 ಕೆಜಿ, ಅಂದರೆ ಮೈತೂಕದ ಎರಡೂವರೆ ಪಟ್ಟಿನ ಹತ್ತಿರ. ತೂಕದ ವಿಭಾಗ ಮೀರಬಾರದ ಇಂಥ ಕ್ರೀಡಾಪಟುಗಳಿಗೆ ಮೈ ಬೆಳೆಯದೆ ಬಲ ಬೆಳೆಯುವುದೇ ಬೇಕಾದದ್ದು. ಜಿಮ್ ಹುಡುಗನಿಗೆ ಅದೇ ಸಂಕಟ.

ಹಾಗಾದರೆ ಸ್ನಾಯು ಬೆಳೆಯತೊಡಗುವುದು ಯಾವಾಗ? ಮೊದಲ ದಿನ ಸ್ಕ್ವಾಟ್ ಮಾಡಿ ಮರುದಿನ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದವರಿಗೆ ಒಳಗೆ ಏನೋ ಭರ್ಜರಿಯಾಗಿ ಬೆಳೆಯುತ್ತಿದೆ ಅನ್ನಿಸುತ್ತದೆ. ಬ್ರೆಜಿಲ್‌ನ ಸಾವೊ ಪಾಲೊದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಹತ್ತು ವಾರಗಳ ಅಧ್ಯಯನ ಬೇರೆಯೇ ಕಥೆ ಹೇಳುತ್ತದೆ. ಮೊದಲ ವ್ಯಾಯಾಮದ ನಂತರ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ತಯಾರಿ ಜೋರಾಗಿಯೇ ಏರಿತ್ತು, ಆದರೆ ಅದರ ಬಹುಪಾಲು ಹರಿದ ತಂತುಗಳ ರಿಪೇರಿಗೇ ಖರ್ಚಾಗಿತ್ತು. ಮೂರನೇ ವಾರದ ಹೊತ್ತಿಗೆ ಹಾನಿ ಇಳಿದಿತ್ತು. ಆಗಿನಿಂದ ಪ್ರೋಟೀನ್ ತಯಾರಿಗೂ ಸ್ನಾಯುವಿನ ಬೆಳವಣಿಗೆಗೂ ತಾಳೆಯಾಗತೊಡಗಿತು. ಮೊದಲ ವಾರಗಳಲ್ಲಿ ಕಂಡ ದಪ್ಪದಲ್ಲಂತೂ ದೊಡ್ಡ ಪಾಲು ಬಾವಿನ ನೀರು.

ನೋವು ಬರಲಿಲ್ಲವೆಂದು ಹದಿನೈದು ದಿನಕ್ಕೊಮ್ಮೆ ಯೂಟ್ಯೂಬ್ ನೋಡಿ ವ್ಯಾಯಾಮ ಬದಲಿಸುವವರು ಇದನ್ನು ಗಮನಿಸಬೇಕು. ರೂಢಿಯಿಲ್ಲದ ವ್ಯಾಯಾಮ ಹೊಸ ಹಾನಿ ಮಾಡುತ್ತದೆ, ಮತ್ತೆ ರಿಪೇರಿ, ನರಗಳಿಗೆ ಮತ್ತೆ ಮೊದಲಿನಿಂದ ಪಾಠ. ನನಗೆ ಕಂಡಂತೆ ಹೊಸಬರು ಸೋಲುವುದು ಸೋಮಾರಿತನದಿಂದಲ್ಲ, ಈ ಅತಿ ಉತ್ಸಾಹದಿಂದ. ಬದಲಿಸಬೇಕಾದದ್ದು ಭಾರ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ 1945ರಲ್ಲಿ, ಗಾಯಗೊಂಡ ಸೈನಿಕರ ಮಂಡಿಗಳಿಗೆ ಬಲ ತುಂಬಲು ಬರೆದ ಲೆಕ್ಕ ಇವತ್ತಿಗೂ ನಡೆಯುತ್ತದೆ: ಹತ್ತು ಸಲ ಕಷ್ಟಪಟ್ಟು ಎತ್ತಬಲ್ಲ ಭಾರ ತೆಗೆದುಕೊಳ್ಳಿ, ಅದು ಸಲೀಸಾದಾಗ ಇನ್ನಷ್ಟು ಸೇರಿಸಿ. ಹಗುರ ಭಾರದಿಂದಲೂ ಸ್ನಾಯು ಬೆಳೆಯುತ್ತದೆ, ಕೊನೆಯ ಒಂದೆರಡು ಸಲ ಎತ್ತುವಾಗ ಸ್ನಾಯು ನಿಜವಾಗಿ ಸೋಲುವ ಹಂತಕ್ಕೆ ಬರಬೇಕಷ್ಟೆ.

ಇನ್ನು ಊಟ. ‘ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ’ ಎಂಬ ಮಾತು ಪೂರ್ತಿ ನೆಪವಲ್ಲ. ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್ ತಂಡ 1999ರಲ್ಲಿ 16 ಜನರಿಗೆ ಎಂಟು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿಯಾಗಿ ತಿನ್ನಿಸಿತು. ಒಬ್ಬರಿಗೆ ಸೇರಿದ ಕೊಬ್ಬು ಅರ್ಧ ಕೆಜಿಯೂ ಇಲ್ಲ, ಇನ್ನೊಬ್ಬರಿಗೆ 4 ಕೆಜಿಗೂ ಮೇಲೆ. ವ್ಯತ್ಯಾಸ ಇದ್ದದ್ದು ಕಾಲು ಕುಣಿಸುವುದು, ಎದ್ದು ಓಡಾಡುವುದು, ಕೂತಲ್ಲೇ ಮಿಸುಕುವುದು ಮುಂತಾದ ಅರಿವಿಲ್ಲದ ಚಲನೆಯಲ್ಲಿ. ಒಬ್ಬರಲ್ಲಿ ಇದರಿಂದಲೇ ದಿನಕ್ಕೆ 700 ಕ್ಯಾಲೊರಿಯಷ್ಟು ಹೆಚ್ಚು ಖರ್ಚಾಗುತ್ತಿತ್ತು. ಇಂಥ ಮೈಕಟ್ಟಿನವರು ಹಸಿವಿಗಿಂತ ಒಂದು ತುತ್ತು ಹೆಚ್ಚೇ ತಿನ್ನಬೇಕು.

ಪ್ರೋಟೀನ್ ಲೆಕ್ಕವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವುದು ಮೈತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ, 60 ಕೆಜಿಯವರಿಗೆ 50 ಗ್ರಾಂ. ಭಾರ ಎತ್ತುವವರ ಮೇಲಿನ 49 ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸಂಖ್ಯೆ ಸುಮಾರು 1.6 ಗ್ರಾಂ, ಅಂದರೆ 96 ಗ್ರಾಂ. ಅದರಾಚೆ ತಿಂದರೆ ವಿಶೇಷ ಲಾಭ ಕಾಣಲಿಲ್ಲ. ನಮ್ಮ ಸಾರು ಬಹಳ ಸಲ ಬೇಳೆಯ ಕಟ್ಟು ಮಾತ್ರ, ಪ್ರೋಟೀನ್ ಉಳಿದಿರುವುದು ಕೆಳಗಿನ ಬೇಳೆಯಲ್ಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನೂರು ಗ್ರಾಂ ಹುರುಳಿಯಲ್ಲಿ 22, ಕಡಲೆಕಾಯಿ ಬೀಜದಲ್ಲಿ 25. ಐವತ್ತು ಗ್ರಾಂ ಸೋಯಾ ಚಂಕ್ಸ್ ಒಂದರಲ್ಲೇ ಇಪ್ಪತ್ತೈದರಷ್ಟು. ಡಬ್ಬದ ಪುಡಿಯೂ ಸಾಮಾನ್ಯವಾಗಿ ಹಾಲಿನದೇ, ದುಬಾರಿ ಅಷ್ಟೆ.

ಇಷ್ಟೆಲ್ಲ ಮಾಡಿದರೂ ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ. ಅಮೆರಿಕದಲ್ಲಿ 585 ಜನರಿಗೆ 12 ವಾರ ಒಂದೇ ಬಗೆಯ ತೋಳಿನ ತರಬೇತಿ ಕೊಟ್ಟ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಬ್ಬರ ಬೈಸೆಪ್ಸ್ ಶೇ. 59 ಹಿಗ್ಗಿದರೆ ಇನ್ನೊಬ್ಬರದು ಶೇ. 2 ಕುಗ್ಗಿತ್ತು. ಸರಾಸರಿ ಶೇ. 20ರ ಆಸುಪಾಸು. ಶೇ. 20 ಎಂದರೆ ಕೇಳುವುದಕ್ಕೆ ದೊಡ್ಡದು, ಆದರೆ ಟೇಪಿನಲ್ಲಿ ಎಷ್ಟು ಕಾಣುತ್ತದೆ? 28 ಸೆಂಟಿಮೀಟರ್ ಸುತ್ತಳತೆಯ ತೋಳನ್ನು ಅಡ್ಡಕ್ಕೆ ನೋಡಿದರೆ ವಿಸ್ತೀರ್ಣ ಸುಮಾರು 62 ಚದರ ಸೆಂಟಿಮೀಟರ್. ಅದರಲ್ಲಿ ಬೈಸೆಪ್ಸ್ ಕಾಲುಭಾಗ ಎಂದಿಟ್ಟುಕೊಂಡರೆ, ಶೇ. 20 ಹಿಗ್ಗಿದಾಗ ಸೇರುವುದು 3 ಚದರ ಸೆಂಟಿಮೀಟರ್. ಸುತ್ತಳತೆಯಲ್ಲಿ ಮುಕ್ಕಾಲು ಸೆಂಟಿಮೀಟರೂ ಆಗಲಿಲ್ಲ. ಕನ್ನಡಿಗೆ ಅದು ಕಾಣುವುದಿಲ್ಲ, ದಿನಾ ಎತ್ತಿದ ಭಾರ ಬರೆದಿಟ್ಟ ನೋಟ್‌ಬುಕ್ಕಿಗೆ ಕಾಣುತ್ತದೆ. ಅಂದಹಾಗೆ ತೋಳಿನಲ್ಲಿ ಹೆಚ್ಚು ಮಾಂಸವಿರುವುದು ಹಿಂಬದಿಯ ಟ್ರೈಸೆಪ್ಸ್‌ನಲ್ಲಿ, ದಿನವೂ ಡಂಬೆಲ್ ಹಿಡಿದು ಬೈಸೆಪ್ಸನ್ನೇ ಮಡಚುವ ಹುಡುಗರು ಅದರ ಕಡೆ ತಿರುಗಿಯೂ ನೋಡಿರುವುದಿಲ್ಲ.